ಕ್ಲೆಮ್ ಟ್ರೆಲೋರ್ ಘಾಟಿ ಇಳಿದದ್ದು

ಕ್ಲೆಮ್ ಟ್ರೆಲೋರ್‌ಗೆ ಗುಡ್ಡ ಹತ್ತುವುದಕ್ಕೆ ಯಾವ ತಕರಾರೂ ಇರಲಿಲ್ಲ. ಇಳಿಯುವುದಕ್ಕೆ ಇತ್ತು. ಆ ಚಳಿಗಾಲ ಅವನು ತನ್ನ ಮೋಟರ್‌ಹೋಮನ್ನು ಕ್ವೀನ್ಸ್‌ಲೆಂಡಿನ ಆಥರ್ಟನ್ ಪ್ರಸ್ಥಭೂಮಿಯ ಮೇಲೆ, ಇಂಥ ಗಾಡಿಗಳು ತಂಗುವ ಕೆರೆ ಪಕ್ಕದ ಕ್ಯಾರವಾನ್ ಪಾರ್ಕಿನಲ್ಲಿ ತಂದು ನಿಲ್ಲಿಸಿದವನು ಅಲ್ಲಿಂದ ಅಲುಗಾಡಲೇ ಇಲ್ಲ. ಬಂದವರೆಲ್ಲ ವಾರವೋ ಹತ್ತು ದಿನವೋ ಇದ್ದು, ಕುರ್ಚಿ ಮಡಚಿಕೊಂಡು, ಕೆಳಗೆ ಕಡಲ ಕಡೆಗೆ ಹೊರಟುಹೋಗುತ್ತಿದ್ದರು. ಕ್ಲೆಮ್ ಮಾತ್ರ “ಇಲ್ಲಿನ ಹವಾ ನಂಗೆ ಬಹಳ ಹಿಡಿಸಿದೆ” ಎನ್ನುತ್ತ ಕೂತಿದ್ದ. ಹವಾ ಎಂದರೆ ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ ಮಳೆ, ಮತ್ತು ತಂತಿಯ ಮೇಲೆ ನೇತುಹಾಕಿದರೆ ಇನ್ನಷ್ಟು ಒದ್ದೆಯಾಗುವ ಟವೆಲು.

ಕೆಳಗೆ ಕಡಲ ತೀರದಲ್ಲಿ ಅವನ ಹೆಂಡತಿ ನೋಲಾಳ ತಂಗಿ ವೆರ್ನಾ ಇದ್ದಳು. ಗಿಲೀಸ್ ಘಾಟಿ ಇಳಿದರೆ ಹೆಚ್ಚೆಂದರೆ ಎರಡು ಗಂಟೆಯ ದಾರಿ. ನೋಲಾ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ “ಯಾವಾಗ ಹೊರಡೋಣ?” ಎಂದು ಕೇಳುತ್ತಿದ್ದಳು. ಕ್ಲೆಮ್ ಒಂದು ದಿನ ಮಂಜು ಎಂದ, ಒಂದು ದಿನ ಬೆನ್ನುನೋವು ಎಂದ, ಒಂದು ದಿನ ಕೆರೆಯಲ್ಲಿ ಇನ್ನೂ ಆಮೆ ನೋಡಿಲ್ಲ ಎಂದ. ಅರವತ್ತೊಂಬತ್ತು ವರ್ಷ ಆಮೆಯ ನೆನಪೇ ಇಲ್ಲದೆ ಬದುಕಿದ್ದ ಮನುಷ್ಯ ಅವನು.

ಹುಟ್ಟಿ ಬೆಳೆದದ್ದು ವಿಕ್ಟೋರಿಯಾದ ಗೋಧಿ ಸೀಮೆಯಲ್ಲಿ. ಅಲ್ಲಿ ಎತ್ತರ ಎಂದರೆ ಗೋಧಿ ತುಂಬುವ ಕಣಜ, ಅಷ್ಟೇ. ವಾರದ ದಿನಗಳಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ತಿರುಪು, ಬೇಲಿ ತಂತಿ ಮಾರುತ್ತಿದ್ದ. ಶನಿವಾರ ಬಂದರೆ ಬಿಳಿ ಅಂಗಿ ತೊಟ್ಟು, ಸುತ್ತಲಿನ ಊರುಗಳ ಫುಟ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದ. ಕೊಟ್ಟ ತೀರ್ಪನ್ನು ವಾಪಸ್ ತೆಗೆದುಕೊಂಡವನಲ್ಲ. ಒಮ್ಮೆ ಸ್ವಂತ ಊರಿನ ತಂಡದ ಗೋಲನ್ನೇ ಕಂಬದ ಹೊರಗೆ ಹೋಯಿತೆಂದು ತಳ್ಳಿಹಾಕಿದ. ಒಳಗೇ ಹೋಗಿತ್ತೆಂದು ಹಸುಗೂಸಿಗೂ ಗೊತ್ತಿತ್ತು, ಮರುಕ್ಷಣಕ್ಕೆ ಅವನಿಗೂ ಗೊತ್ತಾಗಿತ್ತು. ಆ ವರ್ಷವಿಡೀ ಊರಿನ ಮಾಂಸದಂಗಡಿಯವನು ಟ್ರೆಲೋರ್ ಮನೆಗೆ ಎಲುಬನ್ನೇ ತೂಗಿಕೊಟ್ಟ. ಕ್ಲೆಮ್ ಎಲುಬು ಚೀಪಿದನೇ ಹೊರತು ತೀರ್ಪು ಬದಲಿಸಲಿಲ್ಲ.

ಇಂಥವನು ನಿವೃತ್ತನಾಗಿ, ಮನೆ ಮಾರಿ, ಒಂಬತ್ತು ವರ್ಷದ ಹಿಂದೆ ಮೋಟರ್‌ಹೋಮ್ ಕೊಂಡ. ನಮ್ಮಲ್ಲಿ ವಯಸ್ಸಾದವರು ಹೀಗೆ ಮನೆಗೇ ಚಕ್ರ ಹಾಕಿಕೊಂಡು ದೇಶ ಸುತ್ತುವುದು ಹೊಸದೇನಲ್ಲ. ಆದರೆ ಗಾಡಿ ಕೊಳ್ಳುವುದೆಂದರೆ ಬರೀ ಗಾಡಿ ಕೊಳ್ಳುವುದಲ್ಲ, ಒಂದು ಕುಲಕ್ಕೆ ಸೇರುವುದು. ವಾಂಡಿಲ್ಲಾ ಕಂಪನಿಯ ಗಾಡಿ ಕೊಂಡವನು ಸಾಯುವ ತನಕ ವಾಂಡಿಲ್ಲಾದವನು. ಗ್ರೇಂಜರ್ ಕೊಂಡವನು ಗ್ರೇಂಜರಿನವನು. ಇಬ್ಬರೂ ಒಂದೇ ಪಾರ್ಕಿನಲ್ಲಿ ಸಾಸೇಜ್ ಸುಡಬಹುದು, ಒಬ್ಬರ ಹಲ್ಲುಸೆಟ್ಟನ್ನು ಇನ್ನೊಬ್ಬರು ಹುಡುಕಿಕೊಡಬಹುದು, ಆದರೆ ಗಾಡಿಯ ಮಾತು ಬಂತೋ, ರಾಜಿಯಿಲ್ಲ. ನೋಲಾಗೆ ಗ್ರೇಂಜರ್ ಇಷ್ಟವಾಗಿತ್ತು. ಅದರಲ್ಲಿ ಪಾತ್ರೆ ತೊಳೆಯುವ ಸಿಂಕಿನ ಎದುರಿಗೆ ಕಿಟಕಿಯಿತ್ತು. “ಕಿಟಕಿ ನೋಡಿ ಗಾಡಿ ತಗೋತಾರೇನೇ? ವಾಂಡಿಲ್ಲಾ ಅಂದ್ರೆ ಬಂಡೆ” ಎಂದು ಕ್ಲೆಮ್ ತೀರ್ಪು ಕೊಟ್ಟ. ಅಂದಿನಿಂದ ನೋಲಾ ಗೋಡೆ ನೋಡುತ್ತ ಪಾತ್ರೆ ತೊಳೆಯುತ್ತಿದ್ದಳು.

ಆ ಬಂಡೆಯ ವಿಷಯವಾಗಿ ಫೋನು ಬಂದದ್ದು ಚಳಿಗಾಲ ಶುರುವಾಗುವ ಮೇ ತಿಂಗಳಲ್ಲಿ, ಲಾಂಗ್‌ರೀಚ್ ಊರಿನ ಪಾರ್ಕಿನಲ್ಲಿ ಅವನು ಬಟ್ಟೆ ಒಗೆಯುವ ಯಂತ್ರದೆದುರು ಕಾಯುತ್ತ ನಿಂತಿದ್ದಾಗ. ಕಂಪನಿಯ ಹುಡುಗಿ ಬಹಳ ವಿನಯದಿಂದ ಮಾತಾಡಿದಳು. ಅವನ ಗಾಡಿ ತಯಾರಾದ ವರ್ಷದ ವಾಂಡಿಲ್ಲಾಗಳಲ್ಲಿ, ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪು ಗಾಡಿಯಡಿಯ ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಉಜ್ಜಿ ಸವೆಯುತ್ತಿದೆಯಂತೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಪೈಪು ಕೈಕೊಡಬಹುದಂತೆ. ಅದಕ್ಕೇ ಕಂಪನಿ ಆ ಗಾಡಿಗಳನ್ನೆಲ್ಲ ವಾಪಸ್ ಕರೆದು ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದೆ.

ಕ್ಲೆಮ್ ಯಂತ್ರದಿಂದ ಬಟ್ಟೆ ತೆಗೆದು ಒಂದೊಂದಾಗಿ ಒಣಹಾಕಿದ. ನೋಲಾಗೆ ಹೇಳಲಿಲ್ಲ. ಹೇಳಿದರೆ ವಾಂಡಿಲ್ಲಾ ಬಂಡೆಯಲ್ಲ ಎಂದು ಒಪ್ಪಿಕೊಂಡಂತೆ. ಆ ಕಿಟಕಿಯ ಮಾತು ಮತ್ತೆ ಏಳುತ್ತದೆ. ನೋಲಾ ಜಗಳವಾಡುವವಳಲ್ಲ, ಸುಮ್ಮನೆ “ಹೂಂ” ಎನ್ನುವವಳು. ಆ ಹೂಂಗಿಂತ ಎಲುಬು ಚೀಪುವುದು ವಾಸಿ ಎನಿಸಿತು ಅವನಿಗೆ.

ಹಾಗಂತ ಕ್ಲೆಮ್ ಹುಚ್ಚನೇನಲ್ಲ, ಜೀವದ ಮೇಲೆ ಆಸೆಯಿತ್ತು. ಇಳಿಜಾರಿನಲ್ಲಿ ತಾನೇ ತೊಂದರೆ? ಇಳಿಜಾರೇ ಇಲ್ಲದ ಕಡೆ ಹೋದರಾಯಿತು ಎಂದುಕೊಂಡ. ದೇವರು ಅವನಿಗಾಗಿಯೇ ಎಂಬಂತೆ ಪಶ್ಚಿಮ ಕ್ವೀನ್ಸ್‌ಲೆಂಡನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿಟ್ಟಿದ್ದ. ವಿಂಟನ್, ಜೂಲಿಯಾ ಕ್ರೀಕ್, ನಾರ್ಮಂಟನ್ ಎಂದು ಎರಡು ತಿಂಗಳು ಹುಲ್ಲು ನೋಡಿದರು, ಹುಲ್ಲು ಮುಗಿದ ಮೇಲೆ ಧೂಳು ನೋಡಿದರು. ಕೊನೆಗೆ ನೋಲಾ “ವೆರ್ನಾ ಸೊಂಟದ ಆಪರೇಷನ್ ಮಾಡಿಸ್ಕೊಂಡು ಒಬ್ಬಳೇ ಬಿದ್ದಿದ್ದಾಳೆ, ನಾನು ಹೋಗ್ಲೇಬೇಕು” ಎಂದು ಪಟ್ಟು ಹಿಡಿದಳು. ಪಶ್ಚಿಮದಿಂದ ಬರುವ ರಸ್ತೆ ಎಷ್ಟು ನಿಧಾನವಾಗಿ ಏರುತ್ತದೆಂದರೆ ಏರುತ್ತಿದ್ದೇವೆಂದೇ ತಿಳಿಯುವುದಿಲ್ಲ. ಆಥರ್ಟನ್ ಮುಟ್ಟಿ, ಪೂರ್ವದ ಅಂಚಿಗೆ ಹೋಗಿ ಕೆಳಗೆ ನೋಡಿದಾಗಲೇ ಕ್ಲೆಮ್‌ಗೆ ವಿಷಯ ತಿಳಿದದ್ದು. ಕಡಲಿಗೆ ಹೋಗುವ ದಾರಿಗಳೆಲ್ಲ ಘಾಟಿಗಳೇ. ಮರ ಹತ್ತಿ ಕೂತ ಬೆಕ್ಕಿನ ಪಾಡಾಯಿತು.

ಆಗ ಕದ್ದುಮುಚ್ಚಿ ಕಂಪನಿಗೆ ಫೋನು ಮಾಡಿದ. ಸ್ನಾನದ ಕೋಣೆಗಳ ಹಿಂದೆ, ಗ್ಯಾಸ್ ಸಿಲಿಂಡರುಗಳ ಮರೆಯಲ್ಲಿ ನಿಂತು.

“ರಿಪೇರಿ ಎಲ್ಲಿ ಮಾಡ್ತೀರಮ್ಮಾ?”

“ನಿಮಗೆ ಹತ್ತಿರ ಅಂದ್ರೆ ಕೆಯರ್ನ್ಸ್, ಸಾರ್. ತಗೊಂಡು ಬನ್ನಿ.”

“ಕೆಯರ್ನ್ಸ್ ಇರೋದು ಘಾಟಿ ಕೆಳಗೆ.”

“ಹೌದಾ ಸಾರ್? ರಿಪೇರಿ ಆಗೋವರೆಗೆ ದಯವಿಟ್ಟು ಘಾಟಿ ಇಳೀಬೇಡಿ.”

“ಮತ್ತೆ ಹೆಂಗಮ್ಮಾ ತರೋದು?”

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ನಿಧಾನವಾಗಿ ಸಾರ್” ಎಂದಳು.

ಗುಟ್ಟು ಬಯಲಾದದ್ದು ಐದು ಗಂಟೆಯ ಕೂಟದಲ್ಲಿ. ಪಾರ್ಕಿನಲ್ಲಿ ಸಂಜೆ ಐದಾದರೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಬಾಟಲಿ, ಒಂದು ತಟ್ಟೆಯಲ್ಲಿ ಚೀಸೋ ಬಿಸ್ಕತ್ತೋ ಹಿಡಿದು ಬಂದು ವೃತ್ತವಾಗಿ ಕೂರುತ್ತಾರೆ. ಕಾಯಿಲೆ ಬಂದವರೂ ಬರುತ್ತಾರೆ, ಕಾಯಿಲೆಯ ವರ್ಣನೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕ್ಲೆಮ್‌ನ ಎದುರಿಗೆ ಯಾವಾಗಲೂ ಕೂರುತ್ತಿದ್ದವನು ಡೆಸ್ ಹಾಕಿಂಗ್. ಗ್ರೇಂಜರಿನವನು, ನಿವೃತ್ತ ಕಟ್ಟಡ ಮೇಸ್ತ್ರಿ, ದೊಡ್ಡ ಗಂಟಲು. ಅವನೂ ಅವನ ಹೆಂಡತಿ ರೋಮಾಳೂ ಪಕ್ಕದ ಜಾಗದಲ್ಲೇ ಇದ್ದರು.

ಆ ಸಂಜೆ ಡೆಸ್ ಮೊಬೈಲಿನಲ್ಲಿ ಏನೋ ಓದುತ್ತ ತಲೆಯೆತ್ತಿದ. “ಏನಯ್ಯಾ ಕ್ಲೆಮ್, ನಿಮ್ಮ ಬಂಡೆಗೆ ಬ್ರೇಕ್ ಇಲ್ವಂತೆ? ಕಂಪನಿಯವರೇ ವಾಪಸ್ ಕರೀತಿದ್ದಾರಂತಲ್ಲ.”

“ಅದು ಬೇರೆ ಮಾಡಲ್ಲು. ನಮ್ಮದಲ್ಲ” ಎಂದ ಕ್ಲೆಮ್, ಸೀಟಿ ಊದಿದಷ್ಟು ಥಟ್ಟನೆ.

ನೋಲಾ ಹೆಣೆಯುತ್ತಿದ್ದ ಸ್ವೆಟರಿನಿಂದ ಕಣ್ಣೆತ್ತಲಿಲ್ಲ. ಆದರೆ ಸೂಜಿಗಳು ನಿಂತವು.

ರಾತ್ರಿಯ ಊಟಕ್ಕೆ ಆಲೂಗಡ್ಡೆ ಸುಲಿಯುತ್ತ ಅವಳು ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು. “ಅದಕ್ಕೇನಾ ಎರಡು ತಿಂಗಳು ನನಗೆ ಹುಲ್ಲು ತೋರಿಸಿದ್ದು?”

ಕ್ಲೆಮ್ ಸುಲಿದ ಆಲೂಗಡ್ಡೆಗಳನ್ನು ಒಂದೊಂದಾಗಿ ಪಾತ್ರೆಗೆ ಹಾಕತೊಡಗಿದ.

“ಸಮತಟ್ಟು ಜಾಗದಲ್ಲೂ ನೀನು ನಾಲ್ಕು ಚಕ್ರಕ್ಕೂ ಉರುಳದ ಹಾಗೆ ಕಟ್ಟೆ ಕೊಡ್ತಿದ್ದೆ. ವಯಸ್ಸಾಯ್ತು, ಭಯ ಜಾಸ್ತಿ ಆಗಿದೆ ಪಾಪ ಅಂದ್ಕೊಂಡೆ ನಾನು. ಯಾವಾಗ ಗೊತ್ತಾಯ್ತು ನಿಂಗೆ?”

“ಲಾಂಗ್‌ರೀಚಲ್ಲಿ.”

“ಹೂಂ” ಎಂದಳು ನೋಲಾ. ಅವನು ಹೆದರಿದ್ದ ಹೂಂ ಅದೇ. ಆದರೆ ಈ ಸಲ ಅದು ಅಲ್ಲಿಗೇ ನಿಲ್ಲಲಿಲ್ಲ. ಚಾಕು ಕೆಳಗಿಟ್ಟು ಇತ್ತ ತಿರುಗಿದಳು. “ನೋಡು ಕ್ಲೆಮ್. ಇದು ಮನೆ, ಇದರಲ್ಲಿ ಅಡುಗೆ ಮಾಡ್ತೀನಿ, ಮಲಗ್ತೀನಿ. ಆದ್ರೆ ಚಕ್ರ ತಿರುಗೋವಾಗ ಆ ಎಡಗಡೆ ಸೀಟಲ್ಲಿ ನಾನು ಕೂರಲ್ಲ. ಬ್ರೇಕ್ ರಿಪೇರಿ ಆಗ್ಬೇಕು. ಆಮೇಲೆ, ಅದು ನಮ್ಮದಲ್ಲ ಅಂತ ಎಲ್ರ ಮುಂದೆ ಹೇಳಿದ್ಯಲ್ಲ, ನಮ್ಮದೇ ಅಂತ ಎಲ್ರ ಮುಂದೆ ಹೇಳ್ಬೇಕು. ಎರಡೂ ಆದ್ರೆ ಕೂರ್ತೀನಿ. ಇಲ್ಲಾಂದ್ರೆ ಶುಕ್ರವಾರದ ಬಸ್ಸಿಗೆ ವೆರ್ನಾ ಹತ್ರ ಹೋಗ್ತೀನಿ, ನೀನು ಒಬ್ಬನೇ ದೇಶ ಸುತ್ತು.”

“ಡೆಸ್ ಮುಂದೆ ಹೇಳ್ಬೇಕಾ?”

“ಡೆಸ್ ಮುಂದೇನೇ.”

ನಲವತ್ತಾರು ವರ್ಷದ ಸಂಸಾರದಲ್ಲಿ ನೋಲಾ ಬಸ್ಸಿನ ಮಾತೆತ್ತಿದ್ದು ಅದೇ ಮೊದಲು.

ದಾರಿ ಕಂಡುಹಿಡಿದವಳೂ ನೋಲಾಳೇ. ಮರುದಿನ ರೋಮಾಳ ಜೊತೆ ಪೇಟೆಗೆ ಹೋದವಳು ಆಲೂಗಡ್ಡೆ ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿಗೆ ನುಗ್ಗಿ ಕೇಳಿದಳು. ಗ್ಯಾರೇಜಿನ ಒಡತಿ ಸಾಂಡ್ರಾ ಪವೆಟ್ಟೊ ಅಲ್ಲೇ ಕಂಪನಿಗೆ ಫೋನು ಹಚ್ಚಿ, ರಿಪೇರಿ ತಾನೇ ಮಾಡಬಹುದೆಂದು ಒಪ್ಪಿಗೆ ಪಡೆದಳು. ಗಾಡಿ ಕೆಳಗಿಳಿಯಲಾರದಿದ್ದರೆ ಪೈಪು ಮೇಲೆ ಹತ್ತಬಹುದಲ್ಲ, ಪಾರ್ಸೆಲ್ ಲಾರಿಯಲ್ಲಿ. ಇಷ್ಟು ಸರಳವಾದದ್ದು ಕ್ಲೆಮ್‌ಗೆ ಹೊಳೆಯದಿದ್ದುದಕ್ಕೆ ಕಾರಣ ಒಂದೇ: ಹೊಳೆಯಬೇಕಾದರೆ ಯಾರನ್ನಾದರೂ ಕೇಳಬೇಕಿತ್ತು, ಕೇಳಬೇಕಾದರೆ ಬಾಯಿಬಿಡಬೇಕಿತ್ತು.

ಬುಧವಾರ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದೆಂದಾಯಿತು. ಪಾರ್ಕಿನಿಂದ ಪೇಟೆಗೆ ದಾರಿ ಬಹುಪಾಲು ಸಮತಟ್ಟು. ಆದರೂ ನೋಲಾ ಮಾತಿಗೆ ತಪ್ಪಲಿಲ್ಲ, ಡೆಸ್‌ನ ಪುಟ್ಟ ಕಾರಿನಲ್ಲಿ ರೋಮಾಳ ಪಕ್ಕ ಹೋಗಿ ಕೂತಳು. “ಯಾಕಂತೆ?” ಎಂದು ಡೆಸ್ ಕೇಳಿದ್ದಕ್ಕೆ ಕ್ಲೆಮ್ “ಕಾರ್ಪೆಟ್ ತೊಳೆಸೋದಿದೆ, ಅವಳಿಗೆ ಧೂಳು ಆಗಲ್ಲ” ಎಂದ. ಲಾರಿ ಗ್ಯಾರೇಜಿನಲ್ಲಿ ಕಾರ್ಪೆಟ್ ತೊಳೆಸುವುದು ಹೇಗೆಂದು ಡೆಸ್ ಕೇಳಲಿಲ್ಲ. ಅವನು ಕೇಳದಿದ್ದುದೇ ಕ್ಲೆಮ್‌ಗೆ ಚುಚ್ಚಿತು.

ಒಂಬತ್ತು ವರ್ಷದಲ್ಲಿ ಅವನು ಒಬ್ಬನೇ ಆ ಗಾಡಿ ಓಡಿಸಿದ್ದು ಅದೇ ಮೊದಲು. ಆಮೆಯೂ ನಾಚುವಷ್ಟು ನಿಧಾನ. ಹಿಂದೆ ಆಲೂಗಡ್ಡೆ ಲಾರಿಗಳು ಸಾಲುಗಟ್ಟಿ ಹಾರನ್ ಬಾರಿಸಿದವು. ರಸ್ತೆಗಳು ಕೂಡುವ ವೃತ್ತದ ಬಳಿ ಬಂದಾಗ ಅವನು ಅಭ್ಯಾಸಬಲದಿಂದ “ಎಡಕ್ಕಾ, ನೇರಕ್ಕಾ?” ಎಂದು ಕೇಳಿದ. ಖಾಲಿ ಸೀಟು ಉತ್ತರ ಕೊಡಲಿಲ್ಲ. ವೃತ್ತವನ್ನು ಎರಡು ಸಲ ಸುತ್ತಿದ, ಮೂರನೆಯ ಸಲ ತಪ್ಪು ರಸ್ತೆಗೆ ಹೊರಳಿ ಡೇರಿ ಕಾರ್ಖಾನೆಯ ಅಂಗಳಕ್ಕೆ ಹೋಗಿ ನಿಂತ. ಅಲ್ಲಿ ಎಂಜಿನ್ ಆರಿಸಿ ಕೂತಾಗ ಅವನಿಗೆ ಅಳು ಬಂದಂತಾಯಿತು. ಇನ್ನು ಮುಂದೆ ಬದುಕೆಲ್ಲ ಹೀಗೇ ಆದರೆ, ಎಂದುಕೊಂಡ. ಆಮೇಲೆ ಡೇರಿಯ ಕಾವಲುಗಾರ ಬಂದು ಹಾಲು ತಂದಿದ್ದೀಯಾ ಎಂದು ಕೇಳಿದ್ದರಿಂದ ಅಳುವುದಕ್ಕೆ ಪುರುಸೊತ್ತಾಗಲಿಲ್ಲ.

ಪೈಪು ಬರುವುದು ಎರಡು ದಿನ ತಡವಾಯಿತು. ಮನೆಯೇ ಗ್ಯಾರೇಜಿನಲ್ಲಿ ಕೂತಿರುವಾಗ ಮಲಗುವುದೆಲ್ಲಿ? ರೋಮಾ ಯಾರನ್ನೂ ಕೇಳದೆ ತಮ್ಮ ಗ್ರೇಂಜರಿನಲ್ಲಿ ಊಟದ ಮೇಜನ್ನು ಇಳಿಸಿ ಹಾಸಿಗೆ ಮಾಡಿಬಿಟ್ಟಳು. ವಾಂಡಿಲ್ಲಾ ಕುಲದವನು ಗ್ರೇಂಜರಿನ ಹೊಟ್ಟೆಯಲ್ಲಿ ಮಲಗುವುದೆಂದರೇನು! ಕ್ಲೆಮ್ ಬೂಟು ಕಳಚಲೂ ಹಿಂಜರಿದ. ಬೆಳಿಗ್ಗೆ ಕಣ್ಣುಬಿಟ್ಟರೆ ನೋಲಾ ಸಿಂಕಿನೆದುರು ನಿಂತು ಕಿಟಕಿಯಾಚೆ ಕೆರೆ ನೋಡುತ್ತ ಬೇರೆಯವರ ಪಾತ್ರೆ ತೊಳೆಯುತ್ತಿದ್ದಳು. ಸಣ್ಣಗೆ ಹಾಡು ಬೇರೆ ಗುನುಗುತ್ತಿದ್ದಳು. ಕ್ಲೆಮ್ ಮತ್ತೆ ಕಣ್ಣು ಮುಚ್ಚಿಕೊಂಡ.

“ಗ್ರೇಂಜರಲ್ಲಿ ನಿದ್ದೆ ಬಂತಾ?” ಎಂದು ಡೆಸ್ ಚಹಾ ಕೊಡುತ್ತ ಕೇಳಿದ.

“ಹಾಸಿಗೆ ಸ್ವಲ್ಪ ಮೆತ್ತಗಾಯ್ತು.”

“ಬಂಡೆ ಮೇಲೆ ಮಲಗಿ ಅಭ್ಯಾಸ ಅಲ್ವಾ.”

ಶುಕ್ರವಾರ ಬೆಳಿಗ್ಗೆ ಸಾಂಡ್ರಾ ಫೋನು ಮಾಡಿ ಕರೆದಳು. ಬಸ್ಸು ಹೊರಡುವುದು ಸಂಜೆ ಆರಕ್ಕೆ. ನೋಲಾ ಆಗಲೇ ಚೀಲದಲ್ಲಿ ಬಟ್ಟೆ ತುಂಬಿಟ್ಟಿದ್ದಳು. ಗಾಡಿ ತರಲು ಕ್ಲೆಮ್ ಒಬ್ಬನೇ ಗ್ಯಾರೇಜಿಗೆ ಹೋದ. ಸಾಂಡ್ರಾ ಹೊಸ ಪೈಪು ಹಾಕಿ ಮುಗಿಸಿ, ಹಳೆಯದನ್ನು ಬೆಂಚಿನ ಮೇಲಿಟ್ಟಿದ್ದಳು. “ಇಲ್ಲಿ ಬೆರಳಿಟ್ಟು ನೋಡಿ” ಎಂದಳು. ಕ್ಲೆಮ್ ಇಟ್ಟ. ಒಂದು ಕಡೆ ರಬ್ಬರು ಹಣ್ಣಿನ ಸಿಪ್ಪೆಯಷ್ಟು ತೆಳ್ಳಗಾಗಿ, ಒಳಗಿನ ನೂಲು ಹೊರಗೆ ಕಾಣುತ್ತಿತ್ತು.

“ಇದರಲ್ಲಿ ಘಾಟಿ ಇಳಿದಿದ್ರೆ?”

“ಅರ್ಧದವರೆಗೆ ಇಳೀತಿದ್ರಿ” ಎಂದಳು ಸಾಂಡ್ರಾ, ಕೈ ಒರೆಸಿಕೊಳ್ಳುತ್ತ. “ಉಳಿದರ್ಧ ನೀವು ಇಳಿಸೋದೇನೂ ಇರ್ತಿರಲಿಲ್ಲ, ಅದೇ ಇಳೀತಿತ್ತು.”

ಕ್ಲೆಮ್ ಪಕ್ಕದಲ್ಲಿದ್ದ ಲಾರಿ ಟೈರಿನ ಮೇಲೆ ಕೂತುಬಿಟ್ಟ. ಸಮತಟ್ಟು ಎಂದುಕೊಂಡು ಓಡಿಸಿದ ಅಷ್ಟೂ ದಾರಿಯಲ್ಲಿ ಎಷ್ಟು ಹೊಳೆ ದಾಟುಗಳಿದ್ದವು, ಎಷ್ಟು ಕಡೆ ಕಾಂಗರೂ ಅಡ್ಡ ಬಂದು ಬ್ರೇಕ್ ಒತ್ತಿದ್ದ. ಪ್ರತಿಸಲವೂ ಪಕ್ಕದಲ್ಲಿ ನೋಲಾ ಇದ್ದಳು, ಏನೂ ಗೊತ್ತಿಲ್ಲದೆ, ಪುದೀನಾ ಪೆಪ್ಪರಮೆಂಟು ಬಿಡಿಸಿ ಅವನ ಬಾಯಿಗಿಡುತ್ತ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಂಜೆ ಐದಕ್ಕೆ ಕೂಟ ಸೇರಿದಾಗ ನೋಲಾಳ ಕುರ್ಚಿಯ ಪಕ್ಕದಲ್ಲೇ ಅವಳ ಚೀಲವೂ ಇತ್ತು. ಕ್ಲೆಮ್ ಎದ್ದು ನಿಂತ. ಕೂಟದಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲವಾದ್ದರಿಂದ, ಯಾರೋ ಸತ್ತಿರಬೇಕೆಂದು ಎಲ್ಲರೂ ಬಾಟಲಿ ಕೆಳಗಿಟ್ಟರು.

“ಆ ಬ್ರೇಕಿನ ವಿಷಯ” ಎಂದ. “ಮೊನ್ನೆ ಡೆಸ್ ಹೇಳಿದ್ದು. ನಮ್ಮದಲ್ಲ ಅಂದಿದ್ದೆ. ನಮ್ಮದೇ. ಮೇ ತಿಂಗಳಿಂದ ಗೊತ್ತಿತ್ತು ನಂಗೆ. ನೋಲಾಗೆ ಹೇಳದೆ ಅವಳನ್ನ ಅದರಲ್ಲೇ ಕೂರಿಸ್ಕೊಂಡು ತಿರುಗ್ದೆ. ನಾನು ಮಾಡಿದ್ದು ತಪ್ಪು.”

ಕ್ಲೆಮ್ ಡೆಸ್‌ನ ಕಡೆ ನೋಡಿದ. ಬರುವುದು ಬಂದುಬಿಡಲಿ ಎಂದು ಕಾದ.

“ಅಲ್ಲಯ್ಯಾ” ಎಂದ ಡೆಸ್, “ನಿನ್ನ ಗಾಡಿ ಲಾರಿ ಗ್ಯಾರೇಜಲ್ಲಿ, ನೀನು ನನ್ನ ಊಟದ ಮೇಜಿನ ಮೇಲೆ. ಕಾರ್ಪೆಟ್ ತೊಳೆಸೋಕೆ ಮೂರು ದಿನ ಬೇಕು ಅಂತ ನಂಬೋಕೆ ನಾವೇನು ಕುರಿಗಳಾ? ಕೂತ್ಕೊ. ಬಿಯರ್ ಬಿಸಿಯಾಗ್ತಿದೆ.”

ಅಷ್ಟೇ. ಮಾತು ಯಾರದೋ ಮಂಡಿನೋವಿಗೆ ಹೊರಳಿತು. ಇಷ್ಟಕ್ಕೆ ತಾನು ಎರಡು ತಿಂಗಳು ಹುಲ್ಲು ನೋಡಿದೆನೇ ಎಂದು ಕ್ಲೆಮ್‌ಗೆ ಒಳಗೊಳಗೇ ಸಿಟ್ಟೇ ಬಂತು. ನೋಲಾ ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿ, ಹೆಣಿಗೆಯ ಸೂಜಿ ಎತ್ತಿಕೊಂಡಳು. ಆರು ಗಂಟೆಯ ಬಸ್ಸು ಪಾರ್ಕಿನ ಗೇಟಿನೆದುರು ಹಾದು ಹೋದಾಗ ತಲೆಯನ್ನೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಮಂಜು ಕರಗಿದ ಮೇಲೆ ಹೊರಟರು. ಡೆಸ್ ಮತ್ತು ರೋಮಾ ಗೇಟಿನವರೆಗೆ ಬಂದು ಕೈಬೀಸಿದರು. ನೋಲಾ ಎಡಗಡೆ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಮಡಿಲಲ್ಲಿ ನಕ್ಷೆ ಬಿಚ್ಚಿಕೊಂಡಳು. ಕ್ಲೆಮ್‌ಗೆ ಎದೆ ತುಂಬಿ ಬಂತು. ಆದರೆ ಘಾಟಿಯ ತಲೆಯ ಹತ್ತಿರ, ಲಾರಿಗಳು ಗೇರ್ ಇಳಿಸಬೇಕೆಂದು ಬರೆದ ಹಳದಿ ಬೋರ್ಡು ಕಂಡದ್ದೇ ತಡ, ಅವನ ಅಂಗೈ ಬೆವತು ಸ್ಟೀರಿಂಗ್ ಜಾರತೊಡಗಿತು. ಹೊಸ ಪೈಪು, ಹೊಸ ಬ್ರೇಕ್ ಆಯಿಲ್, ಎಲ್ಲ ಸರಿಯಾಗಿದೆ ಎಂದು ಅವನಿಗೇ ಗೊತ್ತು. ಬೆರಳಿಗೆ ತಾಗಿದ ಆ ನೂಲು ಮಾತ್ರ ಬೆರಳನ್ನು ಬಿಟ್ಟಿರಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

“ನಂಗೆ ಆಗಲ್ಲ, ನೋಲಾ. ನೀನು ಓಡಿಸ್ತೀಯಾ?”

ಗಿಪ್ಸ್‌ಲೆಂಡಿನ ಗುಡ್ಡಗಳಲ್ಲಿ ಹದಿನಾರು ತುಂಬುವ ಮೊದಲೇ ಅಪ್ಪನ ಹಾಲಿನ ಲಾರಿ ಓಡಿಸಿದವಳು ಅವಳು. ಮದುವೆಯ ಮೊದಲು ಇದನ್ನೇ ಕೇಳಿ ಕ್ಲೆಮ್ ಮರುಳಾದದ್ದು, ಮದುವೆಯ ಮೇಲೆ ಇದನ್ನೇ ಮರೆತದ್ದು. ನೋಲಾ ನಕ್ಷೆಯನ್ನು ಅವನ ಕೈಗಿಟ್ಟು, ಕೆಳಗಿಳಿದು, ಗಾಡಿಯ ಮುಂದಿನಿಂದ ಸುತ್ತಿ ಬಂದು ಬಲಗಡೆ ಹತ್ತಿದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಗೇರ್ ಇಳಿಸಿದಳು, ಹೊರಟಳು. ತಿರುವಿಗೆ ಮೊದಲೇ ಬ್ರೇಕ್ ಒತ್ತಿ, ತಿರುವಿನಲ್ಲಿ ಬಿಟ್ಟು, ಕಾಡಿನ ನೆರಳಿನಲ್ಲಿ ಗಾಡಿಯನ್ನು ಮಗುವನ್ನು ಮೆಟ್ಟಿಲಿಳಿಸಿದಂತೆ ಇಳಿಸಿಕೊಂಡು ಹೋದಳು.

ಎಡಗಡೆ ಕೂತವನ ಪಾಡೇ ಬೇರೆ. ಒಂದು ಪಕ್ಕ ಬರೀ ಪ್ರಪಾತ. ಪ್ರತಿ ತಿರುವಿಗೂ ಕ್ಲೆಮ್‌ನ ಬಲಗಾಲು ತಾನೇ ತಾನಾಗಿ ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು, ಅಲ್ಲೊಂದು ಬ್ರೇಕ್ ಇರುವಂತೆ. ನಾಲ್ಕೈದು ತಿರುವಾದ ಮೇಲೆ ಕಾಲಿನಡಿ ಏನೋ ಬೇರೆಯಾಗಿದೆ ಎನಿಸಿ ಬೂಟು ಸರಿಸಿ ನೋಡಿದ. ಮ್ಯಾಟ್ ಸವೆದು ತೂತಾಗಿ, ಕೆಳಗಿನ ತಗಡು ಹೊಳೆಯುತ್ತಿತ್ತು. ಬಲಗಾಲು ಇಡುವ ಜಾಗದಲ್ಲಿ ಮಾತ್ರ, ಚಿಕ್ಕ ಪಾದದ ಅಳತೆಗೆ. ಎಡಗಾಲಿನ ಕಡೆ ಹೊಸದರಂತೆ ಇತ್ತು. ಒಂಬತ್ತು ವರ್ಷದಲ್ಲಿ ಅವನು ಒಮ್ಮೆಯೂ ಆ ಸೀಟಿನಲ್ಲಿ ಕೂತವನಲ್ಲ.

“ನೋಲಾ, ಇಲ್ಲಿ ಮ್ಯಾಟ್ ತೂತಾಗಿದೆ.”

“ಗೊತ್ತು.”

“ಇದು ನೀನು ಒತ್ತಿ ಒತ್ತಿ ಆಗಿದ್ದಾ?”

“ಮತ್ತಿನ್ಯಾರು, ವೆರ್ನಾ ಬಂದು ಮಾಡಿದ್ಲಾ?” ಎಂದಳು ನೋಲಾ, ರಸ್ತೆಯಿಂದ ಕಣ್ಣು ತೆಗೆಯದೆ.

ಕ್ಲೆಮ್ ಎಷ್ಟೋ ಹೊತ್ತು ಆ ತೂತನ್ನೇ ನೋಡಿದ. ಮುಂದೆ ಇನ್ನೊಂದು ತಿರುವು ಬಂತು. ಅವನು ತನ್ನ ದೊಡ್ಡ ಬೂಟನ್ನು ಮೆಲ್ಲಗೆ ಅದರ ಮೇಲಿಟ್ಟು, ಅವಳು ಒತ್ತುವ ಮೊದಲೇ ತಾನು ಒತ್ತಿದ.